ವರ್ಷಕ್ಕೆ ನಲವತ್ತು ಮೀಟರ್

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಶರಾವತಿ ಯಾರ ಸಹಿಗೂ ಕಾಯಲಿಲ್ಲ. ಗದ್ದೆ, ತೋಟ, ಮನೆ, ಗುಡಿ ಎಲ್ಲವನ್ನೂ ನುಂಗಿ, ಕಡೆಗೆ ತನಗೇ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ನುಂಗಿ ತೇಗಿತು. (ಅಣೆಕಟ್ಟೇ ಮುಳುಗಡೆ ಸಂತ್ರಸ್ತ! ಪರಿಹಾರಕ್ಕೆ ಅದೊಂದು ಅರ್ಜಿ ಹಾಕಿಲ್ಲ, ಬುದ್ಧಿವಂತ.) ಸಾಗರದಿಂದ ತುಮರಿಗೆ ಹೋಗುವ ದಾರಿ ಅಂಬಾರಗೋಡ್ಲಿನಲ್ಲಿ ನೀರಿಗಿಳಿದು ಆಚೆ ಕಳಸವಳ್ಳಿಯಲ್ಲಿ ಎದ್ದಿತು. ಅಲ್ಲಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಉದ್ದ 2.44 ಕಿಲೋಮೀಟರ್, ಹಿಡಿದದ್ದು 61 ವರ್ಷ. ಭಾಗಿಸಿ ನೋಡಿ, ವರ್ಷಕ್ಕೆ ಸರಿಯಾಗಿ 40 ಮೀಟರ್. ಬಸವನಹುಳುವಿಗೆ ಇದು ಒಂದೆರಡು ದಿನದ ದಾರಿ; ಪಾಪ, ಅದಕ್ಕೆ ಡಿಪಿಆರ್ ಮಾಡಿಸುವ ತಾಪತ್ರಯವಿಲ್ಲ.

ಅಲ್ಲಿಯತನಕ ಲಾಂಚು. ಹೆರಿಗೆ ನೋವು, ಹಾವು ಕಡಿತ ಎಲ್ಲವೂ ಲಾಂಚಿನ ವೇಳೆ ನೋಡಿಕೊಂಡೇ ಬರಬೇಕು. ಸಂಜೆಯ ಕೊನೇ ಟ್ರಿಪ್ಪು ತಪ್ಪಿದರೆ ಹೊಳೆ ನೋಡುತ್ತ ಕೂರುವುದು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದೂ ಬಂದ್. ಅದೇ ನೀರಿನ ಕರೆಂಟು ಬೆಂಗಳೂರಿನ ಲಿಫ್ಟುಗಳನ್ನು ಮಾತ್ರ ಒಂದು ದಿನವೂ ಕಾಯಿಸದೆ ಮೇಲೇರಿಸುತ್ತಿತ್ತು.

ಹಾಗೆಂದು ಸೇತುವೆಯೇ ಇರಲಿಲ್ಲ ಅನ್ನುವಂತಿಲ್ಲ. ಚುನಾವಣೆ ಬಂದಾಗಲೆಲ್ಲ ಭಾಷಣದಲ್ಲಿ ಕಟ್ಟುತ್ತಿದ್ದರು, ಫಲಿತಾಂಶದ ಮಾರನೇ ದಿನ ಬಿಚ್ಚಿಡುತ್ತಿದ್ದರು. ಅಷ್ಟರಲ್ಲಿ ಆಚೆ ದಡದ ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತವರ ಕಾರುಗಳು ದಡದಲ್ಲಿ ಸಾಲುಗಟ್ಟತೊಡಗಿದವು. ಊರವರು ಕಾದರೆ ಅದು ಅಹವಾಲು, ಕಾರುಗಳು ಕಾದರೆ ಟ್ರಾಫಿಕ್ಕು. ಅಹವಾಲಿಗೆ ಸಿಗುವುದು ಹಿಂಬರಹ, ಟ್ರಾಫಿಕ್ಕಿಗೆ ರಾಷ್ಟ್ರೀಯ ಹೆದ್ದಾರಿ. 2018ರಲ್ಲಿ ಶಂಕುಸ್ಥಾಪನೆಯಾಯಿತು. ದೇವಿಗೆ ಶಕ್ತಿ ಇದೆ, ಒಪ್ಪಲೇಬೇಕು.

ಉದ್ಘಾಟನೆಗೆ ಕೇಂದ್ರ ಸಚಿವರು ಬಂದರು. ಸರಿಯಾದ ಹೊತ್ತಿಗೆ ಕರೆಯಲಿಲ್ಲವೆಂದು ಮುಖ್ಯಮಂತ್ರಿಗಳು ಬರಲಿಲ್ಲ. ಆಹ್ವಾನಪತ್ರವೂ ಲಾಂಚಿಗೆ ಕಾಯುತ್ತಿತ್ತೋ ಏನೋ. ಸೇತುವೆಗೆ ಯಾರ ಹೆಸರಿಡಬೇಕೆಂಬ ಜಗಳವೂ ನಡೆದು, ಕೊನೆಗೆ ದೇವಿಯ ಹೆಸರೇ ಗೆದ್ದಿತು. ಆಕೆ ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ.

ಈಗ ಹೊಳೆ ದಾಟಲು ನಾಲ್ಕೈದು ನಿಮಿಷ ಸಾಕು. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಕಡತ ಮಾತ್ರ ಅರಣ್ಯ ಇಲಾಖೆಯ ದಡದಿಂದ ಕಂದಾಯ ಇಲಾಖೆಯ ದಡಕ್ಕೆ ಇನ್ನೂ ಲಾಂಚಿನಲ್ಲೇ ಓಡಾಡುತ್ತಿದೆ.