ಲೋಕಕ್ಕೆಲ್ಲ ಲಭ್ಯ, ಊರಿನಲ್ಲಿ ಅಲಭ್ಯ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕರಲ್ಲಿ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಒಬ್ಬ ಆನ್‌ಲೈನ್ ಸಾಹಿತಿ ಸಿಕ್ಕೇ ಸಿಗುತ್ತಾರೆ. ನೀವು ಹುಡುಕಬೇಕಾಗಿಲ್ಲ, ಅವರೇ ಹುಡುಕಿಕೊಂಡು ಬರುತ್ತಾರೆ. ಇಸ್ತ್ರಿ ಹಾಕಿದ ಜುಬ್ಬ, ಹೆಗಲಲ್ಲಿ ಯಾವುದೋ ಸಮ್ಮೇಳನದಲ್ಲಿ ಕೊಟ್ಟ ಬಟ್ಟೆ ಚೀಲ, ಕೈಯಲ್ಲಿ ಫೋನು. ಹಿಂದಿನ ಕಾಲದ ಲೇಖಕರು ಚೀಲಕ್ಕೆ ಕೈ ಹಾಕಿದರೆ ಪುಸ್ತಕ ಬರುತ್ತಿತ್ತು. ಇವರ ಚೀಲದಲ್ಲಿ ಚಾರ್ಜರ್ ಇದೆ.

‘ನಿಮ್ಮ ನಂಬರ್ ಹೇಳಿ ಸಾ, ಒಂದು ಲಿಂಕ್ ಹಾಕ್ತೀನಿ. ನನ್ನ ಬುಕ್ಕು ಅಮೆರಿಕದಲ್ಲೂ ಸಿಗುತ್ತೆ.’

‘ಸಂತೋಷ. ಇಲ್ಲಿ ಎಲ್ಲಿ ಸಿಗುತ್ತೆ?’

‘ಇಲ್ಲಿ ಸಿಗಲ್ಲ ಸಾ.’

ಹೀಗೆನ್ನುವಾಗ ಅವರ ಮುಖದಲ್ಲಿ ಬೇಸರವಿರುವುದಿಲ್ಲ, ಹೆಮ್ಮೆ ಇರುತ್ತದೆ. ಊರಿನ ಅಂಗಡಿಯಲ್ಲಿ ಸಿಗುವುದು ಬೀಡಿ ಬೆಂಕಿಪೊಟ್ಟಣ, ಸಾಹಿತ್ಯವಲ್ಲ ಎಂಬ ಭಾವ.

ಜಾತಿ ಒಂದೇ ಆದರೂ ತಾಲ್ಲೂಕಿಗೊಂದು ತಳಿ. ಹುಣಸೂರಿನವರು ತಂಬಾಕು ಬೆಳೆಗಾರ ಕವಿ. ತಂಬಾಕು ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಹಾಕುತ್ತಾ, ಹದ ನೋಡುತ್ತಾ ರಾತ್ರಿಯೆಲ್ಲ ಎಚ್ಚರವಿರಬೇಕು. ಎಚ್ಚರವಿದ್ದವರು ಸುಮ್ಮನಿರಲಾರದೆ ಕವನ ಬರೆದರು. ‘ಚದುರಂಗರು ಹುಟ್ಟಿದ ಕಲ್ಲಹಳ್ಳಿ ನಮ್ಮ ತಾಲ್ಲೂಕೇ. ಅವರ ವೈಶಾಖಕ್ಕೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಂತು. ಅದಾದ್ಮೇಲೆ...’ ಎಂದು ಅಲ್ಲಿಗೇ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ. ಮುಂದಿನದನ್ನು ನೀವೇ ಹೇಳಬೇಕು.

ಪಿರಿಯಾಪಟ್ಟಣದವರು ಇತಿಹಾಸ ಸಂಶೋಧಕರು. ಊರ ಸುತ್ತ ಬಿದ್ದಿರುವ ಯಾವ ಕಲ್ಲನ್ನೂ ಬರೀ ಕಲ್ಲು ಎಂದು ಒಪ್ಪುವವರಲ್ಲ. ಪಿರಿಯಾಪಟ್ಟಣದ ಕಾಳಗದ ಮೇಲೆ ದಪ್ಪನೆಯ ಪುಸ್ತಕ ಬರೆದಿದ್ದಾರೆ. ಕಾಳಗ ಮೊದಲ ಕೆಲವು ಅಧ್ಯಾಯಗಳಲ್ಲೇ ಮುಗಿಯುತ್ತದೆ. ಉಳಿದ ಅಧ್ಯಾಯಗಳಲ್ಲಿ ನಡೆಯುವುದು, ಮುನ್ನುಡಿ ಬರೆದುಕೊಡುತ್ತೇನೆಂದು ಒಪ್ಪಿ ಆಮೇಲೆ ಫೋನ್ ಎತ್ತದ ಮೈಸೂರಿನ ಪ್ರೊಫೆಸರೊಬ್ಬರ ಜೊತೆಗಿನ ಕಾಳಗ.

ಕೆ.ಆರ್. ನಗರದವರು ನಿವೃತ್ತ ಮೇಷ್ಟ್ರು, ಹನಿಗವಿ. ಎಡತೊರೆ, ಅರ್ಕೇಶ್ವರ, ಚುಂಚನಕಟ್ಟೆ ಇವರ ಕಾವ್ಯದ ಸ್ಥಾಯಿ ವಸ್ತುಗಳು. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕಿದಾಗಲೆಲ್ಲ ಇವರಿಂದ ಒಂದು ಸಂಕಲನ ಧುಮುಕುತ್ತದೆ. ನಾಲ್ಕು ಊರುಗಳಲ್ಲಿ ರೈಲು ನಿಲ್ಲುವುದು ಇಲ್ಲಿ ಮಾತ್ರ. ಬಸ್ಸಿನಲ್ಲಾದರೆ ಕೇಳುಗರು ನಡುವೆ ಎಲ್ಲಾದರೂ ಇಳಿದುಬಿಡಬಹುದು. ರೈಲಿನಲ್ಲಿ ಪಕ್ಕದಲ್ಲಿ ಕೂತವರು ಮೈಸೂರಿನವರೆಗೂ ಹನಿಹನಿಯಾಗಿ ತೋಯಲೇಬೇಕು.

ಎಚ್.ಡಿ. ಕೋಟೆಯವರು ಕಾಡಿನ ಕತೆಗಾರರು. 2023ರ ಡಿಸೆಂಬರಿನಲ್ಲಿ ದಸರಾ ಆನೆ ಅರ್ಜುನ ತೀರಿಕೊಂಡಾಗ ಇಡೀ ನಾಡು ಅತ್ತಿತು. ಅರ್ಜುನ ಇದ್ದ ಬಳ್ಳೆ ಶಿಬಿರ ತಮ್ಮ ತಾಲ್ಲೂಕಿನದೇ ಆದ್ದರಿಂದ ಇವರು ಹೆಚ್ಚೇ ಅತ್ತು, ಕಣ್ಣು ಒರೆಸಿಕೊಳ್ಳುವ ಮೊದಲೇ ಪುಸ್ತಕ ತಂದರು. ಮುಖಪುಟದ ಆನೆಯನ್ನು ಡಿಟಿಪಿ ಹುಡುಗ ಗೂಗಲ್‌ನಿಂದ ಇಳಿಸಿದ್ದ. ಕಿವಿ ಮೊರದಗಲ, ಭುಜವನ್ನೇ ಮುಚ್ಚಿದೆ. ಆನೆ ಜೊತೆಯಲ್ಲೇ ಬೆಳೆದ ಮಾವುತರೊಬ್ಬರು ಮೊಬೈಲಿನಲ್ಲಿ ಅದನ್ನು ನೋಡಿ, ‘ಇದು ನಮ್ ಕಡೆ ಆನೆ ಅಲ್ಲ ಕಣಪ್ಪ’ ಅಂದರು. ಅದು ಆಫ್ರಿಕಾದ್ದು. ಕತೆಗಾರರು ಅಳುಕಲಿಲ್ಲ. ‘ಪುಸ್ತಕ ಅಲ್ಲೂ ಸಿಗುತ್ತಲ್ಲ’ ಎಂದರು.

ಇವರೆಲ್ಲ ಹುಟ್ಟಿನಿಂದಲೇ ಆನ್‌ಲೈನ್ ಸಾಹಿತಿಗಳಾಗಿರಲಿಲ್ಲ. ಮೊದಲು ಹಸ್ತಪ್ರತಿ ಹಿಡಿದು ಮೈಸೂರಿನ ಬಸ್ಸು ಹತ್ತಿದವರೇ. ಪ್ರಕಾಶಕರು ನಯವಾಗಿ, ‘ಬಿಟ್ಟು ಹೋಗಿ, ನೋಡ್ತೀವಿ’ ಎಂದರು. ವರ್ಷವಾದ ಮೇಲೆ ಹೋದರೆ ಹಸ್ತಪ್ರತಿ ಬಿಟ್ಟ ಜಾಗದಲ್ಲೇ ಇತ್ತು, ಧೂಳು ಮಾತ್ರ ಹೊಸದು. ಹಟಕ್ಕೆ ಬಿದ್ದು ಸ್ವಂತ ಖರ್ಚಿನಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಆಫ್‌ಸೆಟ್ ಮುದ್ರಣದ ಲೆಕ್ಕವೇ ಹಾಗೆ: ಕಡಿಮೆ ಹಾಕಿಸಿದರೆ ಪ್ರತಿಗೆ ಖರ್ಚು ಜಾಸ್ತಿ, ಹೆಚ್ಚು ಹಾಕಿಸಿದರೆ ಮಂಚದ ಕೆಳಗೆ ಜಾಗ ಸಾಲದು. ಮಗಳ ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಒಂದೊಂದು ಕೊಟ್ಟರೂ ಕಟ್ಟುಗಳು ಕರಗಲಿಲ್ಲ.

ಅಷ್ಟರಲ್ಲಿ ಕೆ.ಆರ್. ನಗರದ ಮೇಷ್ಟ್ರ ಮನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ಹಬ್ಬಕ್ಕೆ ಬಂದ. ‘ಮಾವ, ಈಗ ಯಾರನ್ನೂ ಕೇಳೋ ಹಂಗಿಲ್ಲ. ಫೈಲ್ ಅಪ್‌ಲೋಡ್ ಮಾಡಿದ್ರೆ ಮುಗೀತು. ಯಾರಾದ್ರೂ ಆರ್ಡರ್ ಕೊಟ್ರೆ ಅವರಿಗೆ ಅಂತ ಒಂದೇ ಪ್ರತಿ ಪ್ರಿಂಟ್ ಮಾಡಿ ಕಳಿಸ್ತಾರೆ’ ಎಂದ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದಲೇ ಈ ಬಗೆಯ ಮುದ್ರಣ ಮಾಡಿಕೊಡುತ್ತಿದೆ. 2014ರಲ್ಲಿ ಪ್ರತಿಲಿಪಿ ಬಂದು ಕತೆಯನ್ನು ಕಂತುಕಂತಾಗಿ ಫೋನಿಗೇ ಹಾಕುವ ದಾರಿ ತೋರಿಸಿತು. 2020ರಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗೆಂದೇ ಮೈಲ್ಯಾಂಗ್ ಬಂತು. ಇದನ್ನೆಲ್ಲ ಕೇಳಿ ಮೇಷ್ಟ್ರಿಗಿಂತ ಹೆಚ್ಚು ಹಿಗ್ಗಿದವರು ಅವರ ಮನೆಯವರು. ‘ಹಂಗಾದ್ರೆ ಮನೇಲಿ ಒಂದೂ ಬುಕ್ಕು ಇಟ್ಕೊಳ್ಳೋದು ಬೇಡ್ವಾ?’ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕನ್ನಡ ಡಿಜಿಟಲ್ ಪ್ರಕಾಶನದ ಮೊದಲ ಅಭಿಮಾನಿ ಹೀಗೆ ಅಡುಗೆಮನೆಯಲ್ಲಿ ಹುಟ್ಟಿದರು.

ಮುಂದಿನದೆಲ್ಲ ಡಿಟಿಪಿ ಅಂಗಡಿಯಲ್ಲಿ. ಪಹಣಿ, ಆಧಾರ್ ಜೆರಾಕ್ಸ್, ಮದುವೆ ಕಾರ್ಡು ಎಲ್ಲ ಆಗುವ ಜಾಗದಲ್ಲೇ ಮಹಾಕಾವ್ಯವೂ ಆಗುತ್ತದೆ. ಮೇಷ್ಟ್ರು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು, ವೇದಿಕೆಗೆ ಯೂನಿಕೋಡ್ ಬೇಕು. ಬದಲಾಯಿಸುವಾಗ ಒತ್ತಕ್ಷರಗಳು ದಿಕ್ಕಾಪಾಲಾದವು, ಅರ್ಕಾವತ್ತುಗಳು ಪಕ್ಕದ ಪದಕ್ಕೆ ವಲಸೆ ಹೋದವು. ಹಾಗೇ ಪ್ರಕಟವಾದ ಮೇಲೆ ತಾಲ್ಲೂಕಿನ ವಿಮರ್ಶಕರೊಬ್ಬರು ‘ಭಾಷೆಯನ್ನು ಒಡೆದು ಕಟ್ಟುವ ದಿಟ್ಟ ಪ್ರಯೋಗ’ ಎಂದು ಮೆಚ್ಚಿ ಮಾತಾಡಿದರು. ತಿದ್ದಬೇಕೆಂದಿದ್ದ ಮೇಷ್ಟ್ರು ಆ ಯೋಚನೆ ಕೈಬಿಟ್ಟರು.

ಆಮೇಲೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ದೆಹಲಿಯ ರಾಜಾ ರಾಮಮೋಹನ್ ರಾಯ್ ಹೆಸರಿನ ಏಜೆನ್ಸಿ ಇದನ್ನು ಬಿಟ್ಟಿಯಾಗಿ ಕೊಡುತ್ತದೆ ಎಂಬುದನ್ನು ಮೇಷ್ಟ್ರು ಯಾರಿಗೂ ಹೇಳುವುದಿಲ್ಲ. ‘ಸೆಂಟ್ರಲ್ ಗೌರ್ಮೆಂಟ್ ನಂಬರ್ ಕೊಟ್ಟಿದೆ’ ಎಂದಷ್ಟೇ ಹೇಳುತ್ತಾರೆ. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೇ ಹದಿಮೂರು ಅಂಕಿ ಅಚ್ಚಾಗಿದೆ. ‘ನಿಮ್ ನಂಬರಿಗೆ ಎಷ್ಟ್ ಸಲ ಹೊಡುದ್ರೂ ಫೋನ್ ಹೋಗಲ್ಲವಲ್ಲ ಮೇಷ್ಟ್ರೆ’ ಎಂದು ಹಾಲಿನ ಡೇರಿ ಕಾರ್ಯದರ್ಶಿ ಕೇಳಿದ್ದು ಇದಕ್ಕೇ.

ಒಂದು ವಿಷಯದಲ್ಲಿ ಮಾತ್ರ ಈ ಸಾಹಿತಿಗಳ ಸಿಟ್ಟು ನ್ಯಾಯವಾದದ್ದು. 2016ರ ಕೊನೆಗೆ ಅಮೆಜಾನ್ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕೋಟೆಯ ಕತೆಗಾರರಿಗೆ ಇದು ಇವತ್ತಿಗೂ ನುಂಗಲಾರದ ತುತ್ತು. ‘ಬಾವಲಿ ಚೆಕ್‌ಪೋಸ್ಟ್ ದಾಟಿ ಆಚೆ ಕಾಲಿಟ್ರೆ ಅಲ್ಲೀ ಭಾಷೆಗೆ ಜಾಗ ಐತೆ, ಈಚೆ ನಿಂತ ನಮಗೆ ಇಲ್ವಾ?’ ಎಂದು ಈಗಲೂ ವೇದಿಕೆ ಮೇಲೆ ಗುಡುಗುತ್ತಾರೆ. ಭಾಷೆ ಎಂಬ ಕಡೆ ಮಲಯಾಳಂ ಅಂತ ಒತ್ತಿ ಕನ್ನಡ ಫೈಲನ್ನೇ ಹಾಕಿಬಿಡೋಣ ಎಂದು ಡಿಟಿಪಿ ಹುಡುಗ ಉಪಾಯ ಹೇಳಿದ್ದ. ‘ಕಾವೇರಿ ನೀರು ಕುಡಿದವನು ಕಣೋ ನಾನು’ ಎಂದು ಕತೆಗಾರರು ಎದ್ದು ನಿಂತರು. ‘ನಿಮ್ಮೂರಿಗೆ ಬರೋದು ಕಬಿನಿ ನೀರಲ್ವಾ ಸಾ’ ಎಂದು ಹುಡುಗ ಕೂತೇ ಇದ್ದ.

ಇನ್ನು ಲೋಕಾರ್ಪಣೆ. ಲೋಕಕ್ಕೆ ಆಗಲೇ ಲಭ್ಯವಿರುವ ಪುಸ್ತಕವನ್ನು ಮತ್ತೆ ಅರ್ಪಿಸುವುದೇಕೆ ಎಂದು ಯಾರೂ ಕೇಳಬಾರದು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಉಪ್ಪಿಟ್ಟು ಕೇಸರಿಬಾತು ಇಲ್ಲದೆ ಪುಸ್ತಕ ಪುಸ್ತಕವಾಗುವುದಿಲ್ಲ. ಕೆ.ಆರ್. ನಗರದ ಮೇಷ್ಟ್ರ ಸಮಾರಂಭದ ದಿನ ಕೊರಿಯರ್ ಬರಲಿಲ್ಲ. ಸಭೆ ತುಂಬಿದೆ, ಅತಿಥಿಗಳು ಕೂತಿದ್ದಾರೆ. ಸಮಯಪ್ರಜ್ಞೆಯುಳ್ಳ ಯಾರೋ ಮನೆಯಿಂದ ಒಂಟಿಕೊಪ್ಪಲ್ ಪಂಚಾಂಗ ತಂದು ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದರು. ಮುಖ್ಯ ಅತಿಥಿಗಳು ಬಿಚ್ಚಿ, ಅಲ್ಲಲ್ಲಿ ಹಾಳೆ ತಿರುವಿ, ‘ಪುಟಪುಟದಲ್ಲೂ ಮಾಹಿತಿ ಇದೆ. ಆಕಾಶದಿಂದ ಭೂಮಿವರೆಗೆ ಏನನ್ನೂ ಬಿಟ್ಟಿಲ್ಲ. ಲೇಖಕರು ಎಷ್ಟು ಲೆಕ್ಕಾಚಾರ ಹಾಕಿ ಬರೆದಿದ್ದಾರೆ!’ ಎಂದು ಮನದುಂಬಿ ಹೊಗಳಿದರು. ಆ ಪುಸ್ತಕದ ಮೇಲೆ ಬಂದ ಅತ್ಯುತ್ತಮ ವಿಮರ್ಶೆ ಅದೇ.

ಕೋಟೆಯವರ ಬಿಡುಗಡೆ ಇನ್ನೂ ಆಧುನಿಕ. ಅತಿಥಿಗಳು ವೇದಿಕೆಯ ಮೇಲೆ ಮೊಬೈಲ್ ಒತ್ತಬೇಕು, ಕೂಡಲೇ ಇ-ಪುಸ್ತಕ ಜಗತ್ತಿಗೆಲ್ಲ ಹರಡಬೇಕು. ಒತ್ತಿದರು. ಓಟಿಪಿ ಕೇಳಿತು. ಅದು ಹೋಗುವುದು ಕತೆಗಾರರ ಬೆಂಗಳೂರಿನ ಅಳಿಯನ ಫೋನಿಗೆ; ಅಳಿಯ ಮೀಟಿಂಗಿನಲ್ಲಿ. ಅತಿಥಿಗಳ ಬೆರಳು ಗಾಳಿಯಲ್ಲೇ ನಿಂತಿತು. ಫೋಟೋದವನು, ‘ಹಂಗೇ ಇರಿ ಸಾ, ಚೆನ್ನಾಗಿದೆ’ ಎಂದ. ನಿರೂಪಕರು ಒಂದು ಭಾವಗೀತೆ ಹಾಡಿಸಿದರು, ಅಧ್ಯಕ್ಷರು ಪುಸ್ತಕ ಸಂಸ್ಕೃತಿಯ ಅಳಿವಿನ ಬಗ್ಗೆ ದೀರ್ಘವಾಗಿ ಮಾತಾಡಿದರು. ಅಷ್ಟರಲ್ಲಿ ಅಳಿಯನೂ ಸಿಕ್ಕ, ಓಟಿಪಿಯೂ ಸಿಕ್ಕಿತು, ಆದರೆ ಅದರ ಗಡುವು ಮುಗಿದಿತ್ತು. ಕೊನೆಗೆ ಫೋನಿಗೇ ರಿಬ್ಬನ್ ಕಟ್ಟಿ ಬಿಚ್ಚಿಸಿದರು. ಚಪ್ಪಾಳೆ ಬಿತ್ತು.

ಲೋಕಾರ್ಪಣೆಯ ಮಾರನೆಯ ದಿನದಿಂದ ಸಾಹಿತಿಯ ಹೊಸ ಜೀವನ ಶುರು. ಎಷ್ಟು ಪ್ರತಿ ಹೋಯಿತೆಂದು ತೋರಿಸುವ ಪುಟವೊಂದಿದೆ. ಹುಣಸೂರಿನ ಕವಿಗಳು ಕಟ್ಟೆಮಳಲವಾಡಿಯ ತಂಬಾಕು ಹರಾಜಿನಲ್ಲಿ ತಮ್ಮ ಸೊಪ್ಪಿನ ಬೇಲ್‌ಗೆ ಎಷ್ಟು ರೇಟು ಕೂಗಿದರೆಂದು ಕೇಳುವುದನ್ನೂ ಬಿಟ್ಟು ಅದನ್ನೇ ಬೆರಳಿನಿಂದ ಎಳೆದೆಳೆದು ನೋಡುತ್ತಾರೆ. ಯಾವುದೋ ಉಪವಿಭಾಗದ ಒಳವಿಭಾಗದಲ್ಲಿ ಅವರ ಸಂಕಲನ ಒಂದು ಮಧ್ಯಾಹ್ನ ಮೊದಲನೇ ಸ್ಥಾನಕ್ಕೆ ಏರಿತ್ತು. ಸಂಜೆಗೆ ಇಳಿಯಿತು. ಸ್ಕ್ರೀನ್‌ಶಾಟ್ ಮಾತ್ರ ಇನ್ನೂ ಸ್ಟೇಟಸ್ಸಿನಲ್ಲಿದೆ.

ಅನಿಸಿಕೆಗಳ ಜಾಗವನ್ನು ಬಂಧುಬಳಗವೇ ತುಂಬಿದೆ. ‘ಚಿಕ್ಕಪ್ಪ, ಅಭಿನಂದನೆಗಳು. ಐದು ಸ್ಟಾರ್.’ ‘ಪ್ಯಾಕಿಂಗ್ ಬಹಳ ಚೆನ್ನಾಗಿದೆ, ಹೇಳಿದ ದಿನಕ್ಕೇ ಬಂತು, ಇನ್ನೂ ಬಿಚ್ಚಿಲ್ಲ. ಐದು ಸ್ಟಾರ್.’ ಇದರ ನಡುವೆ ಯಾರೋ ಅಪರಿಚಿತರು ಮೂರು ಸ್ಟಾರ್ ಕೊಟ್ಟರು. ಬ್ಯಾರನ್ ಕಾಯುವ ರಾತ್ರಿಯ ಮೇಲಿನ ಪದ್ಯಗಳು ನಿಜವಾಗಿಯೂ ಚೆನ್ನಾಗಿವೆ, ಪ್ರೇಮಪದ್ಯಗಳನ್ನು ಕೈಬಿಡಬಹುದಿತ್ತು ಎಂದು ಬರೆದರು. ಕವಿಗೆ ನಿದ್ದೆ ಹಾರಿಹೋಯಿತು. ಇದು ಪಿರಿಯಾಪಟ್ಟಣದ ಸಂಶೋಧಕರದೇ ಪಿತೂರಿ ಎಂದು ತೀರ್ಮಾನಿಸಿ ಅವರ ಪುಸ್ತಕಕ್ಕೆ ಎರಡು ಸ್ಟಾರ್ ಒತ್ತಿ ಬಂದರು. ಇಡೀ ಜಗತ್ತಿನಲ್ಲಿ ತಮ್ಮ ಪುಸ್ತಕವನ್ನು ಕಡೆಯವರೆಗೂ ಓದಿದವರು ಆ ಮೂರು ಸ್ಟಾರಿನವರೊಬ್ಬರೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಯಾರಾದರೂ ನಕ್ಕರೆ ಈ ಸಾಹಿತಿಗಳ ಬಳಿ ಉತ್ತರ ಸಿದ್ಧವಿದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಊರೂರಿಗೆ ಹೊತ್ತು ಮಾರಲಿಲ್ಲವೇ? ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಲಿಲ್ಲವೇ? ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಮಾರಲಿಲ್ಲವೇ? ಕುವೆಂಪು ಅವರ ಉದಯರವಿ, ತೇಜಸ್ವಿಯವರ ಪುಸ್ತಕ ಪ್ರಕಾಶನ ಸ್ವಂತದ್ದಲ್ಲವೇ? ಮಾತು ಸತ್ಯ. ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ: ‘ಅವ್ರು ಬರ್ದಿದ್ದೂ ಸ್ವಂತದ್ದೇ ಸಾ.’

ಸುಮ್ಮನೆ ನಕ್ಕು ಮುಗಿಸುವ ಹಾಗೂ ಇಲ್ಲ. ಈ ಪುಸ್ತಕಗಳನ್ನು ತಾಳ್ಮೆಯಿಂದ ತಿರುವಿದರೆ, ಮುನ್ನುಡಿ, ಬೆನ್ನುಡಿ, ಶುಭನುಡಿ, ಆಶಯನುಡಿಗಳ ಕಾಡು ದಾಟಿದರೆ, ಒಳಗೆ ಬೇರೆ ಯಾರೂ ಬರೆಯದ ಸಂಗತಿಗಳು ಸಿಗುತ್ತವೆ. ಬ್ಯಾರನ್ನಿನಲ್ಲಿ ಸೊಪ್ಪು ಹದಕ್ಕೆ ಬಂದದ್ದು ವಾಸನೆಯಲ್ಲೇ ಗೊತ್ತಾಗುವ ಬಗೆ, ಎಡತೊರೆ ಹೋಗಿ ಕೃಷ್ಣರಾಜನಗರವಾದಾಗ ಅಜ್ಜಿ ಹೊತ್ತು ತಂದ ಒರಳುಕಲ್ಲು, ಮಸಣಿಕಮ್ಮನ ಜಾತ್ರೆಯಲ್ಲಿ ಕೇಳಿದ ಪದ, ಕಬಿನಿ ಅಣೆಕಟ್ಟಿನ ನೀರಿನಡಿ ಹೋದ ಹೊಲದ ಗಡಿ. ಯಾವ ಪ್ರಕಾಶಕರಿಗೂ ಇವು ಬೇಕಿರಲಿಲ್ಲ. ಆನ್‌ಲೈನ್ ಇರದಿದ್ದರೆ ಇವು ಮೇಷ್ಟ್ರ ಜೊತೆಗೇ ಮುಗಿಯುತ್ತಿದ್ದವು.

ಕೊರತೆ ಇರುವುದು ಬೇರೆ ಕಡೆ. ತಂಬಾಕು ಹರಾಜಿಗೆ ತಂದ ಸೊಪ್ಪನ್ನು ಯಾರೂ ಕಣ್ಣುಮುಚ್ಚಿ ಕೊಳ್ಳುವುದಿಲ್ಲ. ಬೇಲ್ ಬಿಚ್ಚಿ, ಮುಟ್ಟಿ ನೋಡಿ ಗ್ರೇಡ್ ಹಾಕುತ್ತಾರೆ, ರೇಟು ಒಪ್ಪದಿದ್ದರೆ ಬೆಳೆಗಾರ ಮಾರದೆ ಮನೆಗೂ ಒಯ್ಯಬಹುದು. ಪುಸ್ತಕದ ವೇದಿಕೆಯಲ್ಲಿ ಗ್ರೇಡ್ ಹಾಕುವವರೇ ಇಲ್ಲ. ಬೇಡ ಎನ್ನುವವರಿಲ್ಲ, ತಿದ್ದು ಎನ್ನುವವರಿಲ್ಲ, ಇಷ್ಟು ಪುಟ ತೆಗೆ ಎನ್ನುವವರೂ ಇಲ್ಲ. ಪ್ರಕಟಿಸುವುದು ಬೆರಳ ತುದಿಯ ಕೆಲಸವಾಯಿತು. ಓದಿಸಿಕೊಳ್ಳುವುದು ಗಳಗನಾಥರ ಕಾಲದಲ್ಲಿ ಎಷ್ಟು ಕಷ್ಟವಿತ್ತೋ ಇಂದಿಗೂ ಅಷ್ಟೇ ಇದೆ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಈ ನಾಲ್ಕು ಊರುಗಳ ಕಡೆ ಹೋದಾಗ ಯಾರಾದರೂ ಲಿಂಕ್ ಕಳಿಸಿದರೆ ತಪ್ಪಿಸಿಕೊಂಡು ಓಡಬೇಡಿ. ದುಡ್ಡು ಕೊಟ್ಟು ತರಿಸಿಕೊಳ್ಳಿ, ಪೂರ್ತಿ ಓದಿ. ಆಮೇಲೆ ಅವರ ಮನೆಗೆ ಹೋಗಿ, ಕಾಫಿ ಕುಡಿದು, ಯಾವ ಪುಟ ಚೆನ್ನಾಗಿದೆ, ಯಾವುದು ಬೇಡವಾಗಿತ್ತು ಎಂದು ಮುಖಕ್ಕೆ ಹೇಳಿ. ಕೋಪ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಮುಂದಿನ ಪುಸ್ತಕ ಇದಕ್ಕಿಂತ ಮೇಲಾಗುತ್ತದೆ. ಐದು ಸ್ಟಾರ್ ಕೊಡಲು ಅವರ ನೆಂಟರಿದ್ದಾರೆ. ಅವರಿಗೆ ಬೇಕಾಗಿರುವುದು ಮೂರು ಸ್ಟಾರ್ ಕೊಡುವ ಒಬ್ಬ ಓದುಗ.