ಪತಿಮರ್ಮರ ಮೀಮಾಂಸೆ: ಒಂದು ತೌಲನಿಕ ಅಧ್ಯಯನ

ಪತ್ನಿಯ ಹೃದಯದಲ್ಲಿ ಮರ್ಮರವಿದೆಯೆಂದು ವೈದ್ಯರು ನುಡಿದ ಗಳಿಗೆಯಿಂದ ಎಕೋ ಎಂಬ ಹೃದಯದ ಸ್ಕ್ಯಾನಿನ ವರದಿ ಕೈಸೇರುವ ಗಳಿಗೆಯವರೆಗೆ ಪತಿಯ ಬಾಯಿ, ಮೂಗು, ಕೈಕಾಲು ಹಾಗೂ ಮೊಬೈಲಿನಿಂದ ಹೊರಡುವ ಸಮಸ್ತ ಧ್ವನಿಗಳನ್ನು ಪ್ರಸ್ತುತ ಸಂಪ್ರಬಂಧವು ‘ಪತಿಮರ್ಮರ’ವೆಂದು ಕರೆಯುತ್ತದೆ. ಪತ್ನಿಯ ಮರ್ಮರದ ಬಗ್ಗೆ ಇನ್ನೂರು ವರ್ಷಗಳಿಂದ ವಿಪುಲ ಸಾಹಿತ್ಯ ಬೆಳೆದಿದೆ. ಪತಿಯದರ ಬಗ್ಗೆ ಒಂದು ಕಿರುಹೊತ್ತಗೆಯನ್ನೂ ಸಂಶೋಧಕ ಕಂಡಿಲ್ಲ. ಈ ಕೊರತೆಯನ್ನು ನೀಗುವ ಹೊಣೆ ಆತನ ಮೇಲೆ ಬಿದ್ದದ್ದಕ್ಕೆ ಕಾರಣವಿದೆ: ಆತ ಮೈಸೂರಿನ ಕುವೆಂಪುನಗರದಲ್ಲಿ ಅಧ್ಯಯನಕ್ಕೊಳಗಾದ ದಂಪತಿಗಳ ಮಹಡಿ ಮನೆಯ ಬಾಡಿಗೆದಾರ. ಕ್ಷೇತ್ರಕಾರ್ಯಕ್ಕೆ ಪ್ರಯಾಣಭತ್ಯೆ ಬೇಕಾಗಲಿಲ್ಲ, ಕಿಟಕಿ ತೆರೆದಿಟ್ಟರೆ ಸಾಕಾಗುತ್ತಿತ್ತು. ಪತಿಯವರು ಮನೆ ಮಾಲೀಕರೂ ಆದ್ದರಿಂದ ಪ್ರಬಂಧದುದ್ದಕ್ಕೂ ಬಹುವಚನ ಬಳಸಲಾಗಿದೆ.

ವ್ಯಾಪ್ತಿ ಮತ್ತು ಮಿತಿ: ಪತಿಗೆ ಮರ್ಮರವಿದ್ದು ಪತ್ನಿ ಆರೈಕೆಗೆ ನಿಲ್ಲುವ ಪ್ರಕರಣಗಳನ್ನು ಇಲ್ಲಿ ಪರಿಗಣಿಸಿಲ್ಲ. ಅಂಥಲ್ಲಿ ಪತ್ನಿ ಮಾರನೆಯ ದಿನವೇ ಎಕೋಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡುಬಿಡುತ್ತಾಳೆ. ಸಂಶೋಧನೆಗೆ ವಸ್ತುವೇ ಉಳಿಯುವುದಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ

ಹಿಂದೆ ರೋಗಿಯ ಎದೆಗೆ ವೈದ್ಯರು ಕಿವಿಯನ್ನೇ ಒತ್ತಿ ಆಲಿಸುವುದಿತ್ತು. 1816ರಲ್ಲಿ ಪ್ಯಾರಿಸಿನ ವೈದ್ಯ ರೆನೆ ಲೆನೆಕ್‌ನ ಬಳಿಗೆ ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳು ಬಂದಳು. ಕಿವಿ ಇಡಲು ಸಂಕೋಚಪಟ್ಟ ಆತ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿದ. ಒಂದು ತುದಿ ಅವಳ ಎದೆಗೆ, ಇನ್ನೊಂದು ತನ್ನ ಕಿವಿಗೆ. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಹೃದಯದಲ್ಲಿ ಕೇಳಿಸಿದ ಒಂದು ಬಗೆಯ ಸದ್ದನ್ನು ಆತ ತಿದಿ ಊದುವ ಸದ್ದೆಂದು ಕರೆದ. ಆ ತರುಣಿಗೆ ಗಂಡನಿದ್ದನೇ, ಇದ್ದಿದ್ದರೆ ಬಾಗಿಲಾಚೆ ನಿಂತು ಯಾರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದ ಎಂಬುದನ್ನು ಮಾತ್ರ ಲೆನೆಕ್ ದಾಖಲಿಸಲಿಲ್ಲ. ಶಾಸ್ತ್ರದ ಮೊದಲ ಲೋಪವಿದು. ಅನಂತರದವರೂ ಇದನ್ನು ತುಂಬಲಿಲ್ಲ. ಆಸ್ಟಿನ್ ಫ್ಲಿಂಟ್, ಗ್ರಹಾಂ ಸ್ಟೀಲ್, ಜಾರ್ಜ್ ಸ್ಟಿಲ್ ಮೊದಲಾದ ವೈದ್ಯಮಹಾಶಯರು ತಲಾ ಒಂದೊಂದು ಮರ್ಮರವನ್ನು ವರ್ಣಿಸಿ, ಅದರ ಹೆಸರಿನಲ್ಲೇ ಅಮರರಾದರು. ಪತಿಮರ್ಮರ ಇನ್ನೂ ಯಾರ ಹೆಸರಿಗೂ ಖಾತೆಯಾಗಿಲ್ಲ.

ಓದುಗರ ಅನುಕೂಲಕ್ಕೆ ಮೂಲ ಮರ್ಮರದ ಬಗ್ಗೆ ನಾಲ್ಕು ಮಾತು. ಹೃದಯದ ನಾಲ್ಕು ಕವಾಟಗಳು ಎರಡೆರಡಾಗಿ ಮುಚ್ಚಿಕೊಳ್ಳುವಾಗ ಲಬ್, ಡಬ್ ಎಂಬ ಸದ್ದು ಬರುತ್ತದೆ. ರಕ್ತ ಎಲ್ಲಾದರೂ ಸುಳಿಸುತ್ತಿ ಹರಿದರೆ ಅವುಗಳ ನಡುವೆ ‘ಉಸ್’ ಎಂಬ ಇನ್ನೊಂದು ಸದ್ದು ನುಸುಳುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅದುಮಿದರೆ ಕೇಳಿಸುತ್ತದಲ್ಲ, ಆ ಜಾತಿಯದು. ಕವಾಟ ಕಿರಿದಾಗಿದ್ದರೆ, ಸರಿಯಾಗಿ ಮುಚ್ಚದೆ ಸೋರುತ್ತಿದ್ದರೆ, ಹೃದಯದೊಳಗಿನ ಗೋಡೆಯಲ್ಲಿ ರಂಧ್ರವಿದ್ದರೆ ಬರಬಹುದು. ಹೃದಯದಲ್ಲಿ ಯಾವ ಊನವೂ ಇಲ್ಲದೆ ಜ್ವರದಲ್ಲಿ, ರಕ್ತಹೀನತೆಯಲ್ಲಿ, ಥೈರಾಯ್ಡ್ ಏರಿದಾಗ, ಬಸಿರಿನಲ್ಲಿ ಕೂಡ ಬರಬಹುದು. ಮಕ್ಕಳಲ್ಲಂತೂ ನಿರಪಾಯಕಾರಿ ಮರ್ಮರ ಸರ್ವೇಸಾಮಾನ್ಯ. ಅಂದರೆ ಮರ್ಮರವೆಂಬುದು ರೋಗದ ಹೆಸರೇ ಅಲ್ಲ. ಈ ವಾಕ್ಯವನ್ನು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಪತಿಯವರ ಕಿವಿಯನ್ನು ಅದು ತಲುಪಿದ್ದಕ್ಕೆ ಆಧಾರ ದೊರೆತಿಲ್ಲ.

ಮೂಲಪಾಠ ಮತ್ತು ಪಾಠಾಂತರಗಳು

ಜ್ವರ, ಕೆಮ್ಮು ಎಂದು ಬಡಾವಣೆಯ ಕ್ಲಿನಿಕ್ಕಿಗೆ ಹೋಗಿದ್ದ ಪತ್ನಿಯ ಎದೆಯ ಮೇಲೆ ಸ್ಟೆತಾಸ್ಕೋಪನ್ನು ಅತ್ತಿತ್ತ ಸರಿಸಿ, ಕಣ್ಣುಮುಚ್ಚಿ ಕೇಳಿ, ವೈದ್ಯರು ನುಡಿದ ಮೂಲಪಾಠ ಇಂತಿದೆ: “ಸ್ವಲ್ಪ ಸೌಂಡ್ ಇದೆ. ಗಾಬರಿ ಏನಿಲ್ಲ. ಒಂದು ಎಕೋ ಮಾಡಿಸಿಬಿಡಿ.” ಪತ್ನಿಯವರು ಹೈಸ್ಕೂಲಿನ ಗಣಿತದ ಟೀಚರು. ಮೂರೂ ವಾಕ್ಯಗಳನ್ನು ಕೂಡಿಸದೆ ಕಳೆಯದೆ ಮನೆಗೆ ತಂದರು. ಹಾಗಾಗಿ ಪತ್ನಿಪಾಠವನ್ನೇ ಆದರ್ಶ ಪ್ರತಿಯೆಂದು ಸ್ವೀಕರಿಸಲಾಗಿದೆ.

ಪತಿಯವರ ಪ್ರತಿಯಲ್ಲಿ (ಇನ್ನು ಮುಂದೆ ‘ಕ’) ನಡುವಿನ ವಾಕ್ಯ ಲುಪ್ತವಾಗಿದೆ. ಅದೇ ಸಂಜೆ ಹಾಸನದ ಭಾವಮೈದುನರಿಗೆ ಫೋನಿನಲ್ಲಿ ವಾಚಿಸಿದಾಗ ‘ಸ್ವಲ್ಪ’ ಎಂಬುದೂ ಬಿದ್ದುಹೋಯಿತು. ಭಾವಮೈದುನರ ‘ಖ’ ಪ್ರತಿ: “ವಾಲ್ವ್ ಹೋಗಿದೆಯಂತೆ.” ಅವರ ಪಕ್ಕದಲ್ಲೇ ಕೂತಿದ್ದ ಅತ್ತೆಯವರ ‘ಗ’ ಪ್ರತಿ: “ಅಯ್ಯೋ, ಹಾರ್ಟಲ್ಲಿ ತೂತಂತೆ!” ಊಟದ ಹೊತ್ತಿಗೆ ಬೆಂಗಳೂರಿನ ಚಿಕ್ಕಪ್ಪನವರು ಪತ್ನಿಗೇ ಫೋನು ಮಾಡಿ ಓದಿಹೇಳಿದ ‘ಘ’ ಪ್ರತಿ: “ಆಪರೇಷನ್ ಯಾವತ್ತಮ್ಮ? ಜಯದೇವ ಆಸ್ಪತ್ರೆಯಲ್ಲಿ ನಮಗೆ ಗೊತ್ತಿರೋರು ಇದಾರೆ.” ಪತ್ನಿ ಫೋನಿಟ್ಟು ಹೇಳಿದ್ದು: “ರೀ, ನನ್ನ ಆಪರೇಷನ್ ವಿಷಯ ನನಗೂ ಒಂದು ಮಾತು ತಿಳಿಸಬಾರದಿತ್ತಾ?”

ಓಲೆಗರಿಗಳಲ್ಲಿ ಪಾಠ ಕೆಡುವುದು ಲಿಪಿಕಾರರ ಆಲಸ್ಯದಿಂದ, ಅಜ್ಞಾನದಿಂದ. ಇಲ್ಲಿ ಕೆಟ್ಟದ್ದು ಅಕ್ಕರೆಯಿಂದ. ಇಂಥ ಪಾಠಕ್ಲೇಶಕ್ಕೆ ಗ್ರಂಥಸಂಪಾದನಶಾಸ್ತ್ರ ಪರಿಹಾರ ಸೂಚಿಸಿಲ್ಲ.

ಆದರೂ ‘ಗ’ ಪ್ರತಿಯ ವಕ್ತೃವನ್ನು ತಳ್ಳಿಹಾಕುವಂತಿಲ್ಲ. ಚಿಕ್ಕಂದಿನಲ್ಲಿ ಗಂಟಲು ಕೆಟ್ಟು, ಮುಂದೆ ಜ್ವರ ಬಂದು, ಕೀಲುಗಳು ಊದಿದ್ದುಂಟೇ ಎಂದು ವೈದ್ಯರು ಕೇಳಿದ್ದರು. ಅದು ರುಮ್ಯಾಟಿಕ್ ಜ್ವರವಾಗಿದ್ದರೆ ವರ್ಷಗಳ ಮೇಲೆ ಕವಾಟ ಕೆಡಿಸಿರಬಹುದು. ನಮ್ಮ ದೇಶದಲ್ಲಿ ಇದು ಇಂದಿಗೂ ಅಪರೂಪವಲ್ಲ. ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವವರಿದ್ದಾರೆ. ಈ ಪ್ರಶ್ನೆಗೆ ಜಗತ್ತಿನಲ್ಲಿ ಉತ್ತರ ಬಲ್ಲವರು ಅತ್ತೆಯವರೊಬ್ಬರೇ. ಪತಿಯವರು ಅವರಿಗೆ ದಿನಕ್ಕೆರಡು ಬಾರಿ ಫೋನು ಮಾಡುತ್ತಿದ್ದರು. ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ್ದರು. ಕೊನೆಗೆ ಪತ್ನಿಯೇ ಕೇಳಿದಾಗ ಒಂದೇ ಉಸಿರಿಗೆ ಉತ್ತರ ಬಂತು: “ಕೀಲು ಊದಿರಲಿಲ್ಲ ಕಣೆ. ದಡಾರ ಆಗಿತ್ತು, ಮಂಗನಬಾವು ಆಗಿತ್ತು, ಅಷ್ಟೇ.”

ದರ್ಜೆಗಳು

1933ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಹಾಕಿಕೊಟ್ಟ ಪದ್ಧತಿಯಂತೆ ಮರ್ಮರಕ್ಕೆ ಆರು ದರ್ಜೆ. ಒಂದನೆಯದು ಗಮನವಿಟ್ಟು ಆಲಿಸಿದರಷ್ಟೇ ಕೇಳಿಸುತ್ತದೆ. ನಾಲ್ಕನೆಯದರಿಂದ ಮುಂದೆ ಎದೆಯ ಮೇಲಿಟ್ಟ ಅಂಗೈಗೂ ಕಂಪನ ತಾಗುತ್ತದೆ. ಆರನೆಯದು ಸ್ಟೆತಾಸ್ಕೋಪನ್ನು ಎದೆಯಿಂದ ತುಸು ಮೇಲೆತ್ತಿದರೂ ಕೇಳಿಸುತ್ತದೆ. ಸದ್ದು ಜೋರಾದಷ್ಟೂ ಕೇಡು ಹೆಚ್ಚು ಎಂದೇನಿಲ್ಲ. ದೊಡ್ಡ ರಂಧ್ರಕ್ಕಿಂತ ಸಣ್ಣ ರಂಧ್ರವೇ ಹೆಚ್ಚು ಗದ್ದಲ ಮಾಡುವುದುಂಟು. ಪತಿಗಳ ವಿಷಯದಲ್ಲೂ ಸಂಶೋಧಕ ಇದನ್ನೇ ಕಂಡಿದ್ದಾನೆ.

ಪತ್ನಿಯದು ಎರಡನೆಯ ದರ್ಜೆ. ಪತಿಯದು ಮೊದಲ ಸಂಜೆ ಒಂದನೆಯ ದರ್ಜೆಯಲ್ಲಿತ್ತು: ಪೇಪರು ಮಡಿಸುವಾಗೊಮ್ಮೆ “ತ್ಚು”. ಎರಡು, ಮೂರನ್ನು ಅವರು ಗೂಗಲ್ ನೋಡುತ್ತ ಒಂದೇ ರಾತ್ರಿಯಲ್ಲಿ ದಾಟಿದರು. ನಾಲ್ಕನೆಯದರಲ್ಲಿ, ದಿವಾನದ ಮೇಲೆ ಕೂತು ಅವರು ಆಡಿಸುತ್ತಿದ್ದ ಕಾಲಿನ ಕಂಪನ ಪಕ್ಕದಲ್ಲಿ ಕಾಫಿ ಹಿಡಿದು ಕೂತವರ ಲೋಟಕ್ಕೆ ತಾಗತೊಡಗಿತು. ಆರನೆಯ ದರ್ಜೆಯನ್ನು ಸಂಶೋಧಕ ಯಾವ ಉಪಕರಣವೂ ಇಲ್ಲದೆ, ಮಹಡಿಯ ಮೇಲೆ, ತನ್ನ ಹಾಸಿಗೆಯಲ್ಲೇ ಮಲಗಿ ದಾಖಲಿಸಿದ್ದಾನೆ. ಸಮಯ ರಾತ್ರಿ ಎರಡು ಗಂಟೆ.

“ಏನೇ, ನಿದ್ದೆ ಬಂತಾ?”

“ಬಂದಿತ್ತು.”

ಪಥ್ಯಪ್ರಕರಣ

ಪತಿಯವರು ಸಾರಿಗೆ ಉಪ್ಪು ನಿಲ್ಲಿಸಿದರು, ಉಪ್ಪಿನಕಾಯಿ ಭರಣಿಯನ್ನು ಅಟ್ಟ ಹತ್ತಿಸಿದರು, ಅರ್ಜುನ ತೊಗಟೆಯ ಕಷಾಯ ಕುದಿಸಿದರು. ಇವುಗಳಲ್ಲಿ ಒಂದನ್ನೂ ವೈದ್ಯರು ಹೇಳಿರಲಿಲ್ಲ. ಮೆಟ್ಟಿಲು ಹತ್ತಕೂಡದೆಂದೂ ಆಜ್ಞೆಯಾಯಿತು. ಪತ್ನಿಯವರು ಒಂಬತ್ತನೇ ತರಗತಿಗೆ ಪಾಠ ಮಾಡಲು ದಿನವೂ ಎರಡು ಅಂತಸ್ತು ಹತ್ತುತ್ತಿದ್ದ ವಿಷಯ ಆಜ್ಞಾಪಕರಿಗೆ ಆವರೆಗೆ ಗೊತ್ತಿರಲಿಲ್ಲ.

ಎಕೋ ಪ್ರಕರಣ

ಪತಿಯವರ ಕೈನಡುಕದ ದೆಸೆಯಿಂದ ಕಾರು ಓಡಿಸುವ ಕೆಲಸ ಸಂಶೋಧಕನಿಗೆ ಬಂತು. ಶಾಸ್ತ್ರದಲ್ಲಿ ಇದಕ್ಕೆ ಸಹಭಾಗಿ ವೀಕ್ಷಣೆ ಎನ್ನುತ್ತಾರೆ.

ಎಕೋದಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಬಸುರಿಯರ ಸ್ಕ್ಯಾನಿನಲ್ಲಿ ಬಳಸುವ ಬಗೆಯ ಶ್ರವಣಾತೀತ ಧ್ವನಿ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಇದನ್ನು ಹೃದಯದ ಮೇಲೆ ಮೊದಲು ಪ್ರಯೋಗಿಸಿದಾಗ ಕಂಡದ್ದು ಬರೀ ಗೆರೆಗಳು. ಈಗ ಬಣ್ಣದಲ್ಲೇ ಕಾಣುತ್ತದೆ. ಪತ್ನಿ ಎಡಮಗ್ಗುಲಿಗೆ ಹೊರಳಿ, ಎಡಗೈಯನ್ನು ತಲೆಯಡಿ ಇಟ್ಟು ಮಲಗಬೇಕು, ತಣ್ಣನೆಯ ಜೆಲ್ ಹಚ್ಚುತ್ತಾರೆ. ಒಳಗೆ ಹೋಗುವ ಮುನ್ನ ಪತ್ನಿ ಮಾಂಗಲ್ಯದ ಸರ ತೆಗೆದು, ಕನ್ನಡಕದೊಂದಿಗೆ ಪತಿಯ ಅಂಗೈಗೆ ಹಾಕಿ, “ಇದನ್ನ ಬಿಗಿಯಾಗಿ ಹಿಡ್ಕೊಂಡಿರಿ” ಎಂದರು. ಕರಿಮಣಿಗಳು ಬೆರಳ ಸಂದಿಯಿಂದ ಇಣುಕುತ್ತಿದ್ದ ಆ ಮುಷ್ಟಿಯನ್ನು ಎದೆಗೊತ್ತಿಕೊಂಡೇ ಪತಿಯವರು ಒಳಹೊಕ್ಕರು. ಪರದೆಯಲ್ಲಿ, ಪತ್ನಿಯ ಎದೆಗೆ ಹಿಡಿದ ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪಾಗಿ, ದೂರ ಸರಿಯುವುದು ನೀಲಿಯಾಗಿ ಕಾಣುತ್ತದೆ. ನೀಲಿಯೆಲ್ಲ ಕೆಟ್ಟರಕ್ತವೆಂದು ತಿಳಿದು ಪತಿಯವರು ಗೋಡೆಗೊರಗಿದರು. ಟೆಕ್ನಿಷಿಯನ್ ಹುಡುಗಿ ಕಾಲಿನಿಂದಲೇ ಒಂದು ಸ್ಟೂಲು ತಳ್ಳಿಕೊಟ್ಟಳು. ಆದರೆ ಪತಿಯವರ ಬಾಯಿ ಮಾತ್ರ ತೆರೆಯಲಿಲ್ಲ. ಸರ ಮುಷ್ಟಿಯಲ್ಲಿದ್ದಷ್ಟು ಹೊತ್ತೂ ಪತಿಮರ್ಮರ ಶೂನ್ಯ ದರ್ಜೆಯಲ್ಲಿತ್ತು. ಇಡೀ ಅಧ್ಯಯನದ ಏಕೈಕ ಉಪಯುಕ್ತ ಶೋಧ ಇದೇ: ಪತಿಗೆ ಕಷಾಯ ಬೇಡ, ಕೈಗೊಂದು ಕೆಲಸ ಬೇಕು.

ವರದಿಯ ಪ್ರಕಾರ ಮೈಟ್ರಲ್ ಕವಾಟದ ಒಂದು ಎಸಳು ತುಸು ಹಿಂದಕ್ಕೆ ಉಬ್ಬುತ್ತದೆ, ಅಲ್ಪ ಸೋರಿಕೆಯಿದೆ. ಸದ್ಯಕ್ಕೆ ಮಾತ್ರೆ ಬೇಡ, ಎಂದಿನಂತೆ ಓಡಾಡಬಹುದು, ಆಗಾಗ ತಪಾಸಣೆ ಸಾಕು. ಕಾರಿನಲ್ಲಿ ವರದಿ ಬಿಡಿಸಿದ ಪತಿಯವರ ಕಣ್ಣು ‘ಇಎಫ್ 60’ ಎಂಬಲ್ಲಿ ನಿಂತಿತು.

“ನೂರಕ್ಕೆ ಅರವತ್ತೇನಾ? ಉಳಿದ ನಲವತ್ತು?”

“ಯಾರ ಹೃದಯವೂ ಒಂದೇ ಬಡಿತಕ್ಕೆ ಪೂರ್ತಿ ಖಾಲಿ ಆಗಲ್ಲ ಕಣ್ರೀ. ಐವತ್ತೈದರಿಂದ ಎಪ್ಪತ್ತು ನಾರ್ಮಲ್ ಅಂತ ಡಾಕ್ಟ್ರು ಹೇಳಿದಾಗ ನೀವು ಸ್ಟೂಲ್ ಮೇಲಿದ್ರಿ. ಅರವತ್ತು ಅಂದ್ರೆ ಫಸ್ಟ್ ಕ್ಲಾಸು.”

ಭಾವಮೈದುನರಿಗೆ ಫೋನು ಹೋಯಿತು. ಹಾಸನದ ಪರಿಷ್ಕೃತ ಪ್ರತಿ ಇನ್ನೂ ಕೈಸೇರಿಲ್ಲ.

ಪತಿಮಹಾಶಯರಲ್ಲಿ ಸಂಶೋಧಕನ ವಿನಂತಿ ಇಷ್ಟೆ. ಹಳೆಯ ವರದಿಗಳ ಫೈಲು ನೀವು ಹಿಡಿಯಿರಿ. ವೈದ್ಯರಿಗೆ ಕೇಳಬೇಕಾದ್ದನ್ನು ಪತ್ನಿ ಹೇಳಿದಂತೆ ಬರೆದುಕೊಳ್ಳಿ. ಎಕೋ ಮುಗಿಯುವ ತನಕ ಊರಿಗೆಲ್ಲ ಫೋನು ಬೇಡ. ಆದರೆ ಆಕೆಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿದ್ದರೆ, ಎದೆ ನೋಯುತ್ತಿದ್ದರೆ, ಪಾದ ಊದಿದ್ದರೆ, ತಲೆಸುತ್ತಿ ಬಿದ್ದಿದ್ದರೆ ಈ ಪ್ರಬಂಧ ಓದುತ್ತ ಕೂರಬೇಡಿ. ಆಸ್ಪತ್ರೆಗೆ ಹೊರಡಿ.