ಬಾಟಲಿ ಬ್ರಷ್ಷಿನ ಕಾಡು

ಅಮೆರಿಕದ ರಾಕಿ ಪರ್ವತಗಳ ಪಾಂಡೆರೋಸಾ ಪೈನ್ 30 ಮೀಟರ್ ಬೆಳೆಯುವುದು ಮಾಮೂಲು. ಮಾದರಿ ರೈಲಿನ ಹವ್ಯಾಸಿಗಳು (ಅವರೆದುರು ‘ಆಟಿಕೆ’ ಅಂದೀರಿ, ಜೋಕೆ!) ಹೆಚ್ಚಾಗಿ ಬಳಸುವ ಎಚ್‌ಓ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಅಂದರೆ ಮರ ಸುಮಾರು 35 ಸೆಂಟಿಮೀಟರ್, ಎಂಜಿನ್ನಿನ ಎತ್ತರ ಬರೀ 5. ಅಂಥ ಮರ ನೆಟ್ಟರೆ ಪಕ್ಕದ ಪರ್ವತ ದಿಬ್ಬವಾಗಿ ಮಾನ ಕಳೆದುಕೊಳ್ಳುತ್ತದೆ. ಹಾಗಾಗಿ ಬಹಳಷ್ಟು ಮಂದಿ 15 ಸೆಂಟಿಮೀಟರಿಗೇ ಮರದ ಬೆಳವಣಿಗೆ ನಿಲ್ಲಿಸುತ್ತಾರೆ. ಹಳಿ ಕೂದಲೆಳೆಯಷ್ಟು ಸರಿದರೂ ನಿದ್ದೆಗೆಡುವ ಜನ ಇವರೇ!

ಎರಡು ತಂತಿಗಳ ನಡುವೆ ಸೆಣಬಿನ ಎಳೆ ಹರಡಿ, ಒಂದು ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಗಿರ್ರನೆ ಒಂದು ಬಾಟಲಿ ಬ್ರಷ್ ಹುಟ್ಟುತ್ತದೆ; ಅದೇ ಮರ. ಕಷ್ಟವಿರುವುದು ಕತ್ತರಿಯಲ್ಲಿ. ನೀಟಾಗಿ ಶಂಕುವಿನಂತೆ ಕತ್ತರಿಸಿದಿರೋ, ಅದು ಕ್ರಿಸ್‌ಮಸ್ ಅಂಗಡಿಯ ಮಾಲು. ಕಾಡಿನ ಹಳೆಯ ಪೈನ್‌ಗೆ ಕೆಳಗಿನ ಕೊಂಬೆ ಉದುರಿರುತ್ತದೆ, ಒಂದು ಮಗ್ಗುಲು ಬೋಳಾಗಿರುತ್ತದೆ. ಅಂದಗೇಡಿಯೇ ಅಸಲಿ ಎಂಬುದು ನನ್ನ ತೀರ್ಪು.

ಆಮೇಲೆ ಬಣ್ಣ, ಹಸಿರು ಸ್ಪಂಜಿನ ಪುಡಿ, ಅದು ಅಂಟಲು ಹೇರ್‌ಸ್ಪ್ರೇ. ಬೋಳುತಲೆಯ ಗೃಹಸ್ಥರೊಬ್ಬರು ಡಜನ್‌ಗಟ್ಟಲೆ ಹೇರ್‌ಸ್ಪ್ರೇ ಕೊಳ್ಳುವಾಗ ಅಂಗಡಿಯಾಕೆಯ ಮುಖವನ್ನು ಊಹಿಸಿಕೊಳ್ಳಿ.

ಒಂದು ಗುಡ್ಡ ಮುಚ್ಚಲು ಇಂಥವು ನೂರಾರು ಬೇಕು. ನಿಲ್ಲಿಸುವ ಕ್ರಮ ಮಾತ್ರ ಮದುವೆಯ ಗ್ರೂಪ್ ಫೋಟೋಗೆ ತದ್ವಿರುದ್ಧ: ಕೆದರಿದ ತಲೆಯವು ಮುಂದೆ, ತಿದ್ದಿ ತೀಡಿದವು ಹಿಂದೆ.